ಬೆಟ್ಟಮ್ಮನ ನುಡಿ

ಹಾಸನ
೧೦-೨-೧೯೫೭

ಅರಕಲಗೂಡಿನಲ್ಲಿರುವ ಅಕ್ಕ ಲಕ್ಷ್ಮಿದೇವಮ್ಮನಿಗೆ ತಮ್ಮ ಪುಟ್ಟರಾಜು ಮಾಡುವ ನಮಸ್ಕಾರ.

ಶಿವಯ್ಯ ಭಾವನವರ ರಸ್ತೆ ಕೆಲಸ ಹೇಗೆ ನಡೀತಿದೆ? ಮಕ್ಕಳು ಹೇಗಿದ್ದಾರೆ? ನಾನು ಚಂದ್ರೋದಯ ಬ್ಯಾಂಡ್ ಸೆಟ್ಟಿಗೆ ಕ್ಲಾರಿಯೋನೆಟ್ ಊದೋಕೆ ಸೇರಿದ ಮೇಲೆ ಇದು ಎರಡನೇ ಲಗ್ನದ ಕಾಲ. ನಮ್ಮ ಮಾಲೀಕರು ಪರಮಶಿವಯ್ಯನವರು ಈ ಸಲ ಮೈಕು ಕೊಂಡಿದ್ದಾರೆ. ಹಾಡೋಕೆ ಅಂತ ಹೊಳೆನರಸೀಪುರದಿಂದ ಪ್ರೇಮಕುಮಾರಿ ಅನ್ನೋ ಹುಡುಗಿಯನ್ನ ಕರೆಸಿದ್ದಾರೆ. ಗಂಟಲು ಅಂದರೆ ಗಂಟಲು. ಬಾವಿಗೆ ಬಿಟ್ಟ ಕೊಡದ ಹಾಗೆ ತಳದ ತನಕ ಹೋಗಿ ತುಂಬಿಕೊಂಡು ಬರುತ್ತೆ.

ಆದರೆ ಹಾಡಿಸೋಕೆ ಹಾಡಿಲ್ಲ. ಸಿನಿಮಾ ಹಾಡು ಎಲ್ಲ ಸೆಟ್ಟಿನವರೂ ಊದುತ್ತಾರೆ. "ನಮ್ಮ ಸೆಟ್ಟಿಂದೇ ಅನ್ನೋ ಹಾಡೊಂದು ಬೇಕು ಕಣಯ್ಯ, ಜನ ಅದನ್ನ ಕೇಳೋಕೇ ನಮ್ಮನ್ನ ಕರೀಬೇಕು" ಅಂತ ಪರಮಶಿವಯ್ಯನವರು ನನ್ನ ಹಿಂದೆ ಬಿದ್ದಿದ್ದಾರೆ. ಮಟ್ಟು ನನ್ನ ಕೈಲಾಗುತ್ತೆ. ಮಾತು ಆಗಲ್ಲ. ಬೂವನಹಳ್ಳಿಯಲ್ಲಿ ಅವ್ವನ ಜೊತೆ ರಾಗಿ ಬೀಸೋವಾಗ ನೀನು ಬಾಯಿಗೆ ಬಂದದ್ದು ಕಟ್ಟಿ ಹಾಡುತ್ತಿದ್ದೆ, ಅವ್ವ ನಕ್ಕು ನಕ್ಕು ಗೂಟ ಬಿಟ್ಟುಬಿಡುತ್ತಿದ್ದಳು. ಅಂಥದ್ದೊಂದು ಬರೆದು ಕಳಿಸಕ್ಕ.

ನಿನ್ನ ತಮ್ಮ,
ಪುಟ್ಟರಾಜು


ಅರಕಲಗೂಡು
೨೪-೨-೧೯೫೭

ಚಿರಂಜೀವಿ ಪುಟ್ಟರಾಜನಿಗೆ ಅಕ್ಕನ ಆಶೀರ್ವಾದ.

ಎಲ್ಲರೂ ಕ್ಷೇಮ. ನಾನು ಓದಿದ್ದು ಮಿಡ್ಲ್ ಸ್ಕೂಲಿನ ತನಕ. ನನ್ನ ಕೈಲಿ ಹಾಡು ಬರೆಸ್ತೀಯಲ್ಲ ನೀನು. ಆದರೂ ನಿನ್ನ ಕಾಗದ ಬಂದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಇಲ್ಲಿ ಸಂತೆಯ ದಿನ ಪಕ್ಕದ ಮನೆಯವಳು ಮಗಳು ಬರಲಿಲ್ಲ ಅಂತ ಬಾಗಿಲಲ್ಲಿ ನಿಂತು ದಾರೀಲಿ ಹೋಗೋರನ್ನೆಲ್ಲ ಕೇಳುತ್ತಿದ್ದಳು. ಆ ಹುಡುಗಿ ಆಮೇಲೆ ನಗ್ತಾ ಬಂತು. ಅದನ್ನೇ ಕಟ್ಟಿದ್ದೀನಿ.

ಸಂತೇಗೆ ಹೋದೋಳು ಸಂಜೇಗು ಬರನಿಲ್ಲ
ಬಾಗ್ಲಲ್ಲಿ ದೀಪ ಮಡಗೀನಿ
ಗಾಡಿಯ ಹೊಡೆಯೋನೆ ನೀನೇನ ಕಂಡೀಯ
ಹಸುರು ಸೀರೇಯ ಹುಡುಗೀನ

ಎರಡನೇ ನುಡಿಯಲ್ಲಿ ತಾಯಿ ಹೂ ಮಾರೋಳನ್ನ ಕೇಳ್ತಾಳೆ, ಬೇರೆ ಹಾಳೆಯಲ್ಲಿದೆ. ಮೂರನೇದು ಇದು:

ಅಗೊ ನೋಡು ಬರ್ತಾಳೆ ಕತ್ಲಲ್ಲಿ ನಗ್ತಾಳೆ
ಸೆರಗಲ್ಲಿ ಪುರಿಯ ಕಟ್ಟವಳೆ
ಎಲ್ಲಿದ್ದೆ ಮಗಳೇ ಅಂದ್ರೆ ಏನಂದ್ಲು ಗೊತ್ತೇನ
ದೊಂಬರ ಆಟ ನೋಡ್ತಿದ್ದೆ

ಚೆನ್ನಾಗಿಲ್ಲದಿದ್ದರೆ ಒಲೆಗೆ ಹಾಕು. ಚೆನ್ನಾಗಿದ್ದರೂ ನನ್ನ ಹೆಸರು ಮಾತ್ರ ಮೈಕಿನಲ್ಲಿ ಕೂಗಿಸಬೇಡ. ನಿನ್ನ ಭಾವ ಒಳ್ಳೆಯವರೇ. ಅವರ ಅಣ್ಣತಮ್ಮಂದಿರ ಬಾಯಿ ನಿನಗೆ ಗೊತ್ತಲ್ಲ.

ಲಕ್ಷ್ಮಿದೇವಮ್ಮ


ಹಾಸನ
೨೮-೫-೧೯೫೭

ಅಕ್ಕನಿಗೆ ನಮಸ್ಕಾರ.

ಎಲ್ಲಿಂದ ಹೇಳಲಿ. ನಿನ್ನ ಹಾಡಿಗೆ ಕುಣಿಯೋ ಹಾಗೆ ಚುರುಕು ಮಟ್ಟು ಹಾಕಿದೆ. ಮೊದಲ ಸಲ ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಹಾಡಿಸಿದೆವು. ಪ್ರೇಮಕುಮಾರಿ "ಗಾಡಿಯ ಹೊಡೆಯೋನೆ" ಅಂತ ಎತ್ತಿದಾಗ ಚಪ್ಪರದ ಹೊರಗೆ ನಿಜವಾದ ಗಾಡಿ ಹೊಡೆಯೋರು ಎತ್ತು ಬಿಚ್ಚೋದು ಬಿಟ್ಟು ನಿಂತುಕೊಂಡರು. ದೊಂಬರ ಆಟ ಅಂದಾಗ ಇಡೀ ಚಪ್ಪರ ನಕ್ಕಿತು. ಇನ್ನೊಂದು ಸಲ ಅಂದರು. ಮತ್ತೆ ಇನ್ನೊಂದು ಸಲ ಅಂದರು. ಊಟ ಆರಿಹೋಯಿತು ಅಂತ ಅಡಿಗೆಯವರು ಬಂದು ಬೈದರು.

ಈಗ ಹೊಳೆನರಸೀಪುರದವರು, ಬೆಳಗೊಳದವರು, ಎಲ್ಲರೂ ನಮ್ಮನ್ನ ಕರೆಯೋದೇ "ಸಂತೆಗೆ ಹೋದೋಳು ಸೆಟ್ಟು" ಅಂತ. ಚಂದ್ರೋದಯ ಅನ್ನೋ ಹೆಸರು ಪರಮಶಿವಯ್ಯನವರ ಡೋಲಿನ ಮೇಲೆ ಮಾತ್ರ ಉಳಿದಿದೆ.

ಮೊನ್ನೆ ಬೆಳಿಗ್ಗೆ ಹಾಸನದ ಕಟ್ಟಿನಕೆರೆ ಹತ್ತಿರ ಬರುತ್ತಿದ್ದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನಮ್ಮ ಹಾಡು ಹಾಡಿಕೊಳ್ಳುತ್ತಿದ್ದಳು. ಅವಳು ನಮ್ಮ ಸೆಟ್ಟು ಕೇಳಿದವಳಲ್ಲ, ವಿಚಾರಿಸಿದೆ. ಅವಳ ನಾದಿನಿ ಹಾಡುತ್ತಿದ್ದಳಂತೆ. ನಾದಿನಿಗೆ ಯಾರು ಹೇಳಿಕೊಟ್ಟರೋ ಅವಳಿಗೆ ಗೊತ್ತಿಲ್ಲ. ನನಗೆ ಕಾಲು ಮುಂದಕ್ಕೆ ಹೋಗಲಿಲ್ಲಕ್ಕ. ನಾನು ಕೋಣೆಯಲ್ಲಿ ಕೂತು ಊದಿಕೊಂಡ ಉಸಿರು ಇದು, ಇಲ್ಲಿಗೆ ಹೇಗೆ ಬಂತು, ಯಾರ ಮೈಯಿಂದ ಯಾರ ಮೈಗೆ ದಾಟಿತು ಅಂತ ನೋಡ್ತಾ ನಿಂತೆ. ಆಕೆ "ಏನಪ್ಪ ಅಂಗ್ ನೋಡ್ತಿ" ಅಂತ ಗದರಿದಳು.

ಪುಟ್ಟರಾಜು


ಅರಕಲಗೂಡು
೧೬-೬-೧೯೫೭

ಪುಟ್ಟರಾಜನಿಗೆ ಆಶೀರ್ವಾದ.

ನಿನ್ನ ಮಟ್ಟು ಕೇಳಿದೆ. ಯಾರ ಬಾಯಲ್ಲಿ ಅಂತೀಯ? ನಿನ್ನ ಭಾವ ಹೊಳೆನರಸೀಪುರದ ರಸ್ತೆಗೆ ಜಲ್ಲಿ ಹಾಕಿಸೋಕೆ ಹೋಗಿದ್ದರು. ಬಂದವರು ಬಚ್ಚಲಲ್ಲಿ ನೀರು ಹುಯ್ಕೋತಾ ಹಾಡೋಕೆ ಶುರು ಮಾಡಿದರು. ನಾನು ಒಲೆ ಮುಂದೆ ರಾಗಿಹಿಟ್ಟು ತೊಳಸುತ್ತಿದ್ದೆ. ಕೋಲು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತೆ. ನಾನು ಬರೆಯೋವಾಗ ಅದಕ್ಕೆ ಮಟ್ಟು ಇರಲಿಲ್ಲ, ಬರೀ ಅಕ್ಷರ. ಅಕ್ಷರ ಎದ್ದು ನಡೆದುಕೊಂಡು ಊರು ಸುತ್ತಿ ನನ್ನ ಮನೆಗೇ ಬಂದಿತ್ತು, ಮೈತುಂಬ ಒಡವೆ ಹಾಕ್ಕೊಂಡು.

"ಚೆನ್ನಾಗದೆ, ಎಲ್ಲಿ ಕಲಿತ್ರಿ?" ಅಂದೆ. "ಗ್ಯಾಂಗಿನೋರೆಲ್ಲ ಹಾಡ್ತಾರೆ ಕಣೆ, ಯಾವನೋ ಭಾರಿ ತಲೆ ಇರೋನು ಕಟ್ಟವನೆ" ಅಂದರು. ಒಳಗೆ ಬಂದು ಹಿಟ್ಟು ತೊಳಸಿದೆ. ಹೇಳೋಕೆ ನಾಚಿಕೆಯಾಯಿತು, ಯಾಕೋ.

ಲಕ್ಷ್ಮಿದೇವಮ್ಮ


ಹಾಸನ
೩-೩-೧೯೬೦

ಅಕ್ಕನಿಗೆ ನಮಸ್ಕಾರ.

ಹೋದ ವರ್ಷ ನೀನು ಕಳಿಸಿದ ಎರಡು ಹಾಡನ್ನೂ ಜನ ಕೇಳಿದರು. ಆದರೆ ಅದು ಮುಗಿಯೋದರೊಳಗೆ "ಸಂತೆಗೆ ಹೋದೋಳು" ಅಂತ ಕೂಗುತ್ತಾರೆ. ಹೊಸದು ಬೇಕು ಅಂತ ನಾನು ಬರೆದ ಕಾಗದಗಳಿಗೆ ನಿನ್ನ ಉತ್ತರ ಇಲ್ಲ. ಪರಮಶಿವಯ್ಯನವರು ಮೈಕಿನಲ್ಲಿ "ನಮ್ಮ ಪುಟ್ಟರಾಜು ಕಟ್ಟಿದ ಹಾಡು" ಅನ್ನೋದು ನಿನ್ನ ಕಿವಿಗೆ ಬಿತ್ತೇನೋ. ನೀನೇ ಹೆಸರು ಬೇಡ ಅಂದಿದ್ದೆ. ಈಗ ಅದೇ ಸಿಟ್ಟಾಗಿದ್ದರೆ ನೇರವಾಗಿ ಬರಿ. ಸುಮ್ಮನಿದ್ದು ಕೊಲ್ಲಬೇಡ.

ಪುಟ್ಟರಾಜು


ಅರಕಲಗೂಡು
೧೯-೩-೧೯೬೦
(ಕಾರ್ಡು)

ಸಿಟ್ಟಿಲ್ಲ. ಮಕ್ಕಳಿಗೆ ದಡಾರ ಎದ್ದಿತ್ತು, ಈಗ ವಾಸಿ. ಪುರಸೊತ್ತಾದಾಗ ಬರೀತೀನಿ. ಮೈ ಜೋಪಾನ.
ಲ.


ಹಾಸನ
೧೨-೮-೧೯೬೩

ಅಕ್ಕನಿಗೆ,

ಕಾಗದ ಬರೆಯದೆ ಮೂರು ವರ್ಷವಾಯಿತು. ಈಗ ಬರೆಯಲೇಬೇಕಾಗಿದೆ.

ಬೆಂಗಳೂರಿನಿಂದ ಗ್ರಾಮಫೋನ್ ಕಂಪನಿಯ ಏಜೆಂಟರು ಬಂದಿದ್ದರು. ನಮ್ಮ ಹಾಡನ್ನ ಪ್ಲೇಟು ಮಾಡುತ್ತಾರಂತೆ. ಜನ ಒಪ್ಪಿದರೆ ನನ್ನನ್ನ ಬೆಂಗಳೂರಿಗೆ ಕರೆಸಿ ಬೇರೆ ಹಾಡುಗಳಿಗೂ ಮಟ್ಟು ಹಾಕಿಸುತ್ತೀನಿ ಅಂದರು. ನಾನು ಈ ಕ್ಲಾರಿಯೋನೆಟ್ ಹಿಡಿದ ದಿನದಿಂದ ಕಾದಿದ್ದ ಮಾತು.

ಆದರೆ ಅವರು ಬ್ಯಾಗಿನಿಂದ ಒಂದು ಹಾಳೆ ತೆಗೆದು, "ಇದು ಹಳೇ ಜನಪದ ಹಾಡಂತಲ್ಲ, ನೀವು ಕಟ್ಟಿದ್ದು ಅಂತೀರಿ?" ಅಂದರು. ಕಾಲೇಜಿನ ಮೇಷ್ಟ್ರೊಬ್ಬರು ಹಿರೀಸಾವೆ ಹತ್ತಿರದ ಹಳ್ಳಿಯಲ್ಲಿ ಬೆಟ್ಟಮ್ಮ ಅನ್ನೋ ಮುದುಕಿಯಿಂದ ಬರೆದುಕೊಂಡರಂತೆ. ಆಕೆ ಅದನ್ನ ತನ್ನ ಅಜ್ಜಿಯಿಂದ ಕಲಿತೆ ಅಂತಾಳಂತೆ. ಜನಪದ ಅಂತಾದರೆ ಹಾಡಿಗೆ ಒಡೆಯರಿಲ್ಲ. ಯಾರು ಬೇಕಾದರೂ ಹೇಗೆ ಬೇಕಾದರೂ ಹಾಡಿಸಬಹುದು.

ಹಾಳೆ ಓದಿದೆ. ಮೊದಲೆರಡು ನುಡಿ ನಿನ್ನದೇ. ಹುಡುಗಿ ಬರೋ ನುಡಿ ಇಲ್ಲ. ಅದರ ಜಾಗದಲ್ಲಿ ಇದಿದೆ:

ಬರದಿದ್ರೆ ಬರದಿರಲಿ ಬೆಳಕಿದ್ದ ತಾವಿರಲಿ
ಎಣ್ಣೆ ತೀರೋಗಂಟ ಕಾಯ್ತೀನಿ
ಎಣ್ಣೆ ತೀರಿದ ಮ್ಯಾಲೆ ನಾನೇನೆ ಬರತೀನಿ
ಸಂತೇಯ ದಾರಿ ತೋರವ್ವ

ಏಜೆಂಟರಿಗೆ ಈ ನುಡಿ ಬೇಕೇ ಬೇಕು. ನಿಜ ಹೇಳಕ್ಕ. ಇದು ನೀನು ಬರೆದದ್ದಾ? ನನಗೆ ಕೊಡದೆ ಬೇರೆ ಯಾವ ಸೆಟ್ಟಿಗಾದರೂ ಕೊಟ್ಟೆಯಾ? ಮೂರು ವರ್ಷ ಸುಮ್ಮನಿದ್ದದ್ದು ಇದಕ್ಕಾ?

ಪುಟ್ಟರಾಜು


ಅರಕಲಗೂಡು
೨೦-೮-೧೯೬೩

ಪುಟ್ಟರಾಜನಿಗೆ,

ನಿನ್ನ ಕಾಗದ ಓದಿ ಮೊದಲು ನೋವಾಯಿತು. ಆ ನುಡಿಯ ತನಕ ಬಂದ ಮೇಲೆ ನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಒಲೆಯ ಮೇಲೆ ಸಾರು ಉಕ್ಕಿ ಬೆಂಕಿ ಆರಿಹೋಯಿತು. ನನಗೆ ಗೊತ್ತೇ ಆಗಲಿಲ್ಲ.

ನಾನು ಬರೆದದ್ದಲ್ಲ ಕಣೋ. ಬರೆಯೋಕೆ ಆಗಿದ್ದರೆ ನಾನು ಬೇರೆ ಮನುಷ್ಯಳಾಗಿರುತ್ತಿದ್ದೆ. ನಾನು ನಗೋಕೆ ಕಟ್ಟಿದ ಮಾತಿನ ಒಳಗೆ ಇಂಥ ಬಾವಿ ಇತ್ತು ಅಂತ ನನಗೇ ಗೊತ್ತಿರಲಿಲ್ಲ. "ಬೆಳಕಿದ್ದ ತಾವಿರಲಿ." ಯಾರು ಈ ಬೆಟ್ಟಮ್ಮ?

ಮೂರು ವರ್ಷ ಯಾಕೆ ಸುಮ್ಮನಿದ್ದೆ ಅಂದೆ. ಬರಲಿಲ್ಲಪ್ಪ, ಅಷ್ಟೆ. ಹಾಳೆ ಮುಂದೆ ಕೂತರೆ "ಸಂತೆಗೆ ಹೋದೋಳು" ಎದುರಿಗೆ ಬಂದು ನಿಲ್ಲುತ್ತಿದ್ದಳು. ಬೇರೆ ಯಾವ ಮಾತೂ ಅವಳನ್ನ ದಾಟಿ ಬರುತ್ತಿರಲಿಲ್ಲ. ನನ್ನಲ್ಲಿ ಇದ್ದದ್ದೇ ಒಂದು ಹಾಡೇನೋ ಅನ್ನಿಸಿ ಹೆದರಿದೆ. ನೀನು ನನ್ನ ಬಗ್ಗೆ ಅಷ್ಟು ನಂಬಿಕೆ ಇಟ್ಟಿದ್ದೆ, ಹೇಗೆ ಹೇಳಲಿ? ಸಿಟ್ಟಿಲ್ಲ ಅಂತ ಕಾರ್ಡು ಹಾಕಿದರೂ ಹೆಸರಿನ ಸಿಟ್ಟು ಅಂತಲೇ ನೀನು ತಿಳಿದುಕೊಂಡಿದ್ದು ಅನುಕೂಲ ಅಂತ ಬಿಟ್ಟೆ.

ನೀನು ಆ ಅಜ್ಜಿಯನ್ನ ನೋಡಿಕೊಂಡು ಬಾ. ಜಗಳಕ್ಕೆ ಹೋಗಬೇಡ.

ಲಕ್ಷ್ಮಿದೇವಮ್ಮ


ಹಾಸನ
೧೫-೯-೧೯೬೩

ಅಕ್ಕನಿಗೆ ನಮಸ್ಕಾರ.

ಬರೆದ ಮಾತಿಗೆ ತಪ್ಪಾಯಿತು. ಹಿರೀಸಾವೆಗೆ ಹೋಗಿದ್ದೆ. ನೀನು ಬೇಡ ಅಂದರೂ ಜಗಳಕ್ಕೇ ಹೋಗಿದ್ದೆ. "ಮುದುಕಿ ಸುಳ್ಳು ಹೇಳಿದಾಳೆ, ಬಾಯಿ ಬಿಡಿಸ್ಕೊಂಡು ಬಾ" ಅಂತ ಪರಮಶಿವಯ್ಯನವರು ಬಸ್ಸು ಹತ್ತಿಸಿದ್ದರು.

ಹಿರೀಸಾವೆಯ ಹೋಟ್ಲಿನಲ್ಲಿ ಕೇಳಿಕೊಂಡು, ಹೊಲದ ನಡುವೆ ನಡೆದು ಆ ಹಳ್ಳಿಗೆ ಹೋದೆ. ಬೆಟ್ಟಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಹೊಲಮನೆ ಚೆನ್ನಾಗಿರೋ ಕುಳ. "ಸಂತೆಗೆ ಹೋದೋಳು ಹಾಡು ನಿಮಗೆ ಎಲ್ಲಿ ಸಿಕ್ಕಿತು?" ಅಂದೆ. "ನಮ್ಮಜ್ಜಿ ಏಳ್ಕೊಟ್ಟಿದ್ದು ಕಣಪ್ಪ. ನಮ್ಮಜ್ಜಿಗೆ ಅವರವ್ವ" ಅಂದಳು. ಕಣ್ಣಲ್ಲಿ ಒಂದು ಎಳೆ ಸುಳ್ಳಿಲ್ಲ. ಹಾಡಿ ಅಂದೆ. ಮೊರ ನಿಲ್ಲಿಸದೆ ಹಾಡಿದಳು.

ಅಕ್ಕ, ನಾನು ಕುಣಿಯೋಕೆ ಹಾಕಿದ ಮಟ್ಟು ಅದು. ಆಕೆ ಅದನ್ನ ಮೊರದ ಲಯಕ್ಕೆ ಎಳೆದು ಎಳೆದು ಹಾಡಿದರೆ ಸ್ವರ ಸ್ವರದ ನಡುವೆ ಹೊಲ, ಬಯಲು, ಆಕಾಶ ಎಲ್ಲ ಹಿಡಿಸುತ್ತಿತ್ತು. ನಾನು ಹಾಕಿದ ಮಟ್ಟಿಗೇ ನಾನು ತಲೆಬಾಗಿ ಕೂತೆ. ಸುಳ್ಳು ಅನ್ನೋ ಪದ ಬಾಯಿಗೆ ಬರಲಿಲ್ಲ. ನಾನು ಯಾರು ಅಂತಲೂ ಹೇಳಲಿಲ್ಲ.

ಹೊರಡುವಾಗ ಆಕೆಯ ಮಗ ತಿಮ್ಮಪ್ಪ ಬೇಲಿಯ ತನಕ ಬಂದ. ಅವನು ಹೇಳಿದ್ದು ಇಷ್ಟು: "ನನ್ನ ತಂಗಿ ಪುಟ್ಟತಾಯಮ್ಮ ಐದು ವರ್ಷದ ಕೆಳಗೆ ಚನ್ನರಾಯಪಟ್ಣದ ಸಂತೆಗೆ ಹೋದೋಳು ಬರನಿಲ್ಲ ಸಾ. ಮಳೆ ಬಂದು ಹಳ್ಳ ತುಂಬಿತ್ತು. ಜೊತೇಲಿದ್ದೋರು ದಾಟಿದ್ರು, ಇವಳು ದಾಟನಿಲ್ಲ. ಮೈಯೂ ಸಿಗನಿಲ್ಲ. ಅವ್ವ ಮಾತೇ ಬಿಟ್ಬುಟ್ಟಿತ್ತು. ಆಮ್ಯಾಲೆ ಪಕ್ಕದೂರಿನ ಮದುವೇಲಿ ಮೈಕಲ್ಲಿ ಈ ಹಾಡು ಬಂತು. ಅವತ್ತು ಬಾಯ್ ಬಿಟ್ಟಿದ್ದು. ಈಗ ಅಜ್ಜಿ ಹೇಳ್ಕೊಟ್ಟಿದ್ದು ಅಂತದೆ. ನಾವೂ ಹೂಂ ಅಂತೀವಿ."

ಬಸ್ಸಿನಲ್ಲಿ ಕೂತು ಯೋಚಿಸಿದೆ. ಆ ನುಡಿ ಲೋಕವೆಲ್ಲ ಕೇಳಬೇಕು. ಪ್ರೇಮಕುಮಾರಿಯ ಗಂಟಲಲ್ಲಿ ಅದು ಬಂದರೆ ಕಲ್ಲೂ ಕರಗುತ್ತೆ. ಏಜೆಂಟರಿಗೆ ಒಪ್ಪಿಗೆ ಬರೆದುಬಿಟ್ಟಿದ್ದೇನೆ. ಬೇಕಾದರೆ ಜನಪದ ಅಂತಲೇ ಅಚ್ಚು ಹಾಕಲಿ.

ಪುಟ್ಟರಾಜು


ಅರಕಲಗೂಡು
೨೧-೧೦-೧೯೬೩

ಪುಟ್ಟರಾಜನಿಗೆ ಆಶೀರ್ವಾದ.

ನಿನ್ನ ಕಾಗದದಲ್ಲಿ ಎಲ್ಲ ಇತ್ತು, ಒಂದು ಇರಲಿಲ್ಲ. ಅವಳನ್ನ ಕೇಳಿದೆಯಾ ಅನ್ನೋದು. ಅದಕ್ಕೇ ನಾನೇ ಹೋದೆ.

ಒಬ್ಬಳೇ ಅಷ್ಟು ದೂರ ಹೋಗೋಕಾಗಲ್ಲ. ನಿನ್ನ ಭಾವನಿಗೆ ಎಲ್ಲ ಹೇಳಿದೆ. ಹಾಡು ನನ್ನದು ಅಂತಲೂ ಹೇಳಿದೆ. ಅವರು ಬೀಡಿ ಹಚ್ಚಿದವರು ಸೇದೋದು ಮರೆತರು. ಆಮೇಲೆ, "ಇಷ್ಟು ವರ್ಷ ನಿನ್ನ ಹಾಡನ್ನೇ ನಿನ್ನೆದುರಿಗೆ ಹಾಡ್ತಿದ್ನಲ್ಲೇ, ಸರಿಯಾಗಿ ಹಾಡ್ತಿದ್ನಾ?" ಅಂದರು. ಬೇರೇನೂ ಕೇಳಲಿಲ್ಲ. ಮಾರನೇ ದಿನ ರಜ ಹಾಕಿ ಬಂದರು.

ಬೆಟ್ಟಮ್ಮ ಯಾವೂರು ಅಂದಳು. ಹೇಳಿದೆ. ಯಾವ ಜನ ಅಂದಳು. ಅದನ್ನೂ ಹೇಳಿದೆ. ಜಗಲಿ ಹತ್ತದೆ ಅಂಗಳದ ಹೊಂಗೆಮರದ ಕೆಳಗೆ ನಿಂತಿದ್ದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಆಮೇಲೆ ತಾನೇ ಇಳಿದು ಬಂದು ಮರದ ಕೆಳಗೆ ನನ್ನ ಪಕ್ಕ ಕೂತಳು. "ಹಾಡು ಕಲ್ತುಕೊಳ್ಳೋಕೆ ಬಂದಿದೀನಿ" ಅಂದೆ.

ಕಲಿಸಿದಳು ಪುಟ್ಟರಾಜು. ನಾನು ಬರೆದ ಮಾತನ್ನ ನನಗೆ ಕಲಿಸಿದಳು. ನಾನು ಹೇಳಿದರೆ, "ಅಂಗಲ್ಲ ಕಣವ್ವ. ದೀಪ ಮಡಗೀನಿ ಅನ್ನೋವಾಗ ಅವಸರ ಮಾಡಬ್ಯಾಡ. ದೀಪ ಆರೋಯ್ತದೆ" ಅಂದಳು. ಮತ್ತೆ ಹೇಳಿದೆ. ಸರಿ ಬಂತು. ಮೈ ಜುಂ ಅಂತು.

ಎರಡು ನುಡಿ ಆಯಿತು. ಮೂರನೇದು ಅವಳು ಹಾಡಿದಳು, ನಾನು ಬಾಯಿ ತೆರೆದೆ. ನನ್ನ ಬಾಯಿಗೆ ಅಂಗೈ ಅಡ್ಡ ಹಿಡಿದಳು. "ಮಕ್ಕಳವ್ರೇನವ್ವ?" ಅಂದಳು. ಇದ್ದಾರೆ ಅಂದೆ. "ಅಂಗಾದ್ರೆ ಇದನ್ನ ನೀ ಹಾಡಬ್ಯಾಡ. ಮಕ್ಕಳಿರೋರ ಬಾಯಲ್ಲಿ ಈ ನುಡಿ ಬರಬಾರದು. ಆ ಮೇಷ್ಟ್ರಪ್ಪನಿಗೆ ಏಳಬಾರದಿತ್ತು, ಕೇಳ್ದ, ಏಳ್ಬುಟ್ಟೆ. ಇದು ನಂಗಿರಲಿ. ಲೋಕ ಚೆಂದಾಗಿರಲಿ."

ಅವಳ ಅಂಗೈ ಹುರುಳಿಯ ಧೂಳಿನಿಂದ ಒರಟಾಗಿತ್ತು. ನನ್ನ ಹಾಡು ಅಂತ ಹೇಳೋಕೆ ಹೋಗಿದ್ದೆನೋ ಏನೋ, ಮರೆತೇಹೋಯಿತು. ನಾನು, "ಹುಡುಗಿ ಬರೋ ನುಡಿಯೂ ಒಂದದೆ ಅಂತಾರಲ್ಲಮ್ಮ" ಅಂದೆ. "ಊಂ, ಅದೆ. ಬರೋರ ಮನೇಲಿ ಅದನ್ನ ಹಾಡ್ಲಿ" ಅಂದಳು.

ಈಗ ನನ್ನ ಮಾತು ಕೇಳು. ಪ್ಲೇಟಿನ ಮೇಲೆ ನನ್ನ ಹೆಸರು ಹಾಕಿಸು. ಸಾಹಿತ್ಯ ಲಕ್ಷ್ಮಿದೇವಮ್ಮ, ಅರಕಲಗೂಡು ಅಂತ. ಊರು ಸಮೇತ. ಜನಪದ ಅಂತ ಅಚ್ಚಾದರೆ ಅವಳ ನುಡಿಯನ್ನ ಯಾರು ಬೇಕಾದರೂ ಎತ್ತಿಕೊಳ್ಳುತ್ತಾರೆ. ನಮ್ಮ ಹಾಡು ಅಂತಾದರೆ ಅದರಲ್ಲಿ ಏನಿರಬೇಕು, ಏನಿರಬಾರದು ಅಂತ ಹೇಳೋರು ನಾವು. ನಿನ್ನ ಭಾವನ ಅಣ್ಣತಮ್ಮಂದಿರು ಏನು ಬೇಕಾದರೂ ಅನ್ನಲಿ. ಅವರಿಗೆ ಉತ್ತರ ತಾವೇ ಕೊಡೋದಾಗಿ ನಿನ್ನ ಭಾವ ಹೇಳಿದ್ದಾರೆ.

ನಿನಗೆ ಬೆಂಗಳೂರಿನ ಕೆಲಸ ತಪ್ಪಬಹುದು. ಅದು ಗೊತ್ತಿದ್ದೂ ಕೇಳ್ತಿದ್ದೀನಿ.

ಲಕ್ಷ್ಮಿದೇವಮ್ಮ


ಬೆಂಗಳೂರು
೧೮-೧-೧೯೬೪

ಅಕ್ಕನಿಗೆ ನಮಸ್ಕಾರ.

ಇವತ್ತು ಹಾಡು ಪ್ಲೇಟಿಗೆ ಹೋಯಿತು.

ನಿನ್ನ ಕಾಗದ ಬಂದ ಮೇಲೆ ಕೆಲವು ದಿನ ನಿನ್ನ ಮೇಲೆ ಮುನಿಸಿಕೊಂಡೇ ಇದ್ದೆ. ಆಮೇಲೆ ಆ ಮೇಷ್ಟ್ರನ್ನ ಹುಡುಕಿಕೊಂಡು ಹೋದೆ. ಒಳ್ಳೆಯವರು. ಬೆಟ್ಟಮ್ಮನ ಮಾತು ಹೇಳಿದ್ದಕ್ಕೆ ಆ ನುಡಿಯನ್ನ ತಮ್ಮ ಸಂಗ್ರಹದಿಂದ ತೆಗೆದರು. ನಮ್ಮದೇ ಹಾಡು ಅಂತ ಕಂಪನಿಗೆ ಕಾಗದವನ್ನೂ ಬರೆದರು. ಪ್ಲೇಟಿನ ಮೇಲೆ ನಿನ್ನ ಹೆಸರು ಊರು ಸಮೇತ ಬರುತ್ತೆ. ಏಜೆಂಟರಿಗೆ ಮಾತ್ರ ಹಿಡಿಸಲಿಲ್ಲ. "ಒಳ್ಳೆ ನುಡಿ ಬಿಟ್ಟು ಪುರಿ ಕಟ್ಟಿಕೊಂಡು ಬರೋದನ್ನ ಹಾಡಿಸ್ತೀರಲ್ರಿ" ಅಂದರು. ಇನ್ನು ಮುಂದೆ ಕರೆಸುವ ಮಾತು ಅವರ ಬಾಯಲ್ಲಿ ಬರಲಿಲ್ಲ. ನಾನೂ ಕೇಳಲಿಲ್ಲ. ನಾಳೆ ಹಾಸನಕ್ಕೆ ಹೊರಡುತ್ತೇವೆ. ಮಾಘದ ಲಗ್ನಗಳು ಹಿಡಿದಾಗಿವೆ.

ಪ್ರೇಮಕುಮಾರಿಗೆ ಬೆಟ್ಟಮ್ಮನ ವಿಷಯ ಹೇಳಿದ್ದೆ, ಆ ನುಡಿಯ ಮಾತು ಹೇಳಿಕೊಟ್ಟಿರಲಿಲ್ಲ. ಇವತ್ತು ಅವಳು ಮೊದಲಿನ ಎರಡು ನುಡಿ ಹಾಡಿದಳು. ಹೂ ಮಾರೋಳನ್ನ ಕೇಳಿ ಮುಗಿಸಿದ ಮೇಲೆ ಮೈಕಿನಿಂದ ಹಿಂದಕ್ಕೆ ಸರಿದಳು. ಡೋಲು ನಿಲ್ಲಿಸೋಕೆ ಪರಮಶಿವಯ್ಯನವರಿಗೆ ಮೊದಲೇ ಹೇಳಿದ್ದೆ. ನಾನು ಕ್ಲಾರಿಯೋನೆಟ್ ಎತ್ತಿ ಒಂದು ನುಡಿಯಷ್ಟು ಊದಿದೆ. ಬರೀ ಮಟ್ಟು, ಮಾತಿಲ್ಲ. ಹುರುಳಿ ಕೇರೋವಾಗ ಆಕೆ ಎಳೆದ ಹಾಗೆ, ಅಷ್ಟೇ ನಿಧಾನಕ್ಕೆ. ದೀಪ ಆರದ ಹಾಗೆ.

ಗಾಜಿನ ಆಚೆ ಯಂತ್ರದ ಮುಂದೆ ಕೂತಿದ್ದವರು ತಲೆ ಎತ್ತಿ ನೋಡಿದರು. ನಿಲ್ಲಿಸಿ ಅಂತ ಸನ್ನೆ ಮಾಡುತ್ತಾರೇನೋ ಅಂದುಕೊಂಡೆ. ಮಾಡಲಿಲ್ಲ. ಅವರ ಕೈ ಹಾಗೇ ಮೇಜಿನ ಮೇಲೆ ನಿಂತಿತ್ತು.

ಆ ನುಡಿ ಮುಗಿದು ಉಸಿರು ಬಿಟ್ಟೆ. ಡೋಲು ಮತ್ತೆ ಎದ್ದಿತು. ಪ್ರೇಮಕುಮಾರಿ ಮುಂದೆ ಬಂದು, ಅಗೊ ನೋಡು ಬರ್ತಾಳೆ ಅಂತ ಎತ್ತಿದಳು. ಆಗ ಆ ಹುಡುಗಿ ಬಂದಳು ಅಕ್ಕ. ಕತ್ತಲಲ್ಲಿ ನಗ್ತಾ, ಸೆರಗಲ್ಲಿ ಪುರಿ ಕಟ್ಟಿಕೊಂಡು.

ನಿನ್ನ ತಮ್ಮ,
ಪುಟ್ಟರಾಜು